ಕಾಫಿ ಮಷೀನಿನ ಉಬ್ಬಸ

ನಮ್ಮ ಜೇವರ್ಗಿಯಲ್ಲಿ ಕಾಫಿ ಕುಡಿಯುವವರನ್ನು ಜನ ಇಂದಿಗೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲೂ ಚಹಾ, ಮದುವೆಯಲ್ಲೂ ಚಹಾ, ಮಣ್ಣಿಗೆ ಹೋಗಿ ಬಂದವರಿಗೂ ಚಹಾ. ಅಂಥ ಊರಿನಲ್ಲಿ ನನ್ನ ಗಂಡ ಕಾಫಿಯ ಹುಚ್ಚು ಹಚ್ಚಿಕೊಂಡರು. ಔಷಧಿ ಕಂಪನಿಯ ಕೆಲಸಕ್ಕೆಂದು ಊರೂರು ತಿರುಗುವಾಗ ಅಂಟಿದ ಚಟ. ಒಮ್ಮೆ ಹೈದರಾಬಾದಿನಿಂದ ಬರುವಾಗ ಮಷೀನನ್ನೇ ಹೊತ್ತು ತಂದರು. ಹಿಂದೆ ನೀರು ತುಂಬುವ ತೊಟ್ಟಿ, ಮುಂದೆ ಗಾಜಿನ ಜಗ್ಗು, ನಡುವೆ ಕಾಫಿಪುಡಿ ಹಾಕುವ ಬುಟ್ಟಿ. ಕಾದ ನೀರು ಕೊಳವೆಯಲ್ಲಿ ಮೇಲೇರಿ ಪುಡಿಯ ಮೇಲೆ ಹನಿಹನಿಯಾಗಿ ಬೀಳುತ್ತಿತ್ತು. ಅತ್ತೆ ಅದನ್ನು ಸುತ್ತಲೂ ನೋಡಿ, "ಒಂದು ಲೋಟ ಕಾಫಿಗಿ ಇಷ್ಟು ದೊಡ್ಡ ಕಾರ್ಖಾನಿ ಬೇಕೇನೋ?" ಎಂದು ಮಗನನ್ನು ಗೇಲಿ ಮಾಡಿದ್ದರು.

ನನ್ನ ಗಂಡ ಅದಕ್ಕೆ ಬೋರಿನ ನೀರು ಸೋಕಗೊಡುತ್ತಿರಲಿಲ್ಲ. ನಮ್ಮ ಬೋರಿನ ನೀರು ಅಷ್ಟು ಗಡಸು. ಕೊಡದ ತಳದಲ್ಲಿ, ನಲ್ಲಿಯ ಮೂತಿಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಸಾಬೂನು ನೊರೆ ಬಿಡಲು ಸತಾಯಿಸುತ್ತದೆ. ಕಾಫಿಗೆಂದೇ ಫಿಲ್ಟರ್ ನೀರಿನ ಕ್ಯಾನು ಬೇರೆ ಇತ್ತು. ಆ ದಿನಗಳಲ್ಲಿ ಮಷೀನು ಸದ್ದೇ ಮಾಡುತ್ತಿರಲಿಲ್ಲ.

ಹೋದ ವರ್ಷ ಅವರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ವಾರಗಳನ್ನು ಮನೆಯಲ್ಲೇ ಕಳೆದರು. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಕೂಡಿಸಿದರೆ ಮಾತ್ರ ಉಸಿರಾಡಲು ಆಗುತ್ತಿತ್ತು. ಎಳೆಯುವಾಗ ಎಲ್ಲೋ ನೀರು ಸಿಕ್ಕಿಕೊಂಡಂತೆ ಗೊರಗೊರ ಸದ್ದು, ನಡುವೆ ಒಂದು ನಿಲುಗಡೆ, ಆಮೇಲೆ ಉದ್ದಕ್ಕೆ ಹೊರಗೆ. ಆ ನಿಲುಗಡೆಯಲ್ಲಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮತ್ತೆ ಗೊರಗೊರ ಶುರುವಾದರೆ ಇಬ್ಬರಿಗೂ ಜೀವ ಬಂದಂತಾಗುತ್ತಿತ್ತು.

ನಮ್ಮ ಮನೆಯಲ್ಲಿ ಗುರುವಾರ ಸಂಜೆ, ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿಟ್ಟು, ಲೋಬಾನದ ಹೊಗೆ ಹಾಕಿ, ಅದರ ಮುಂದೆ ಕೂತು ಫಾತಿಹಾ ಓದುವ ರೂಢಿಯಿದೆ. ತೀರಿಹೋದ ಮಾವನವರಿಗೆ ಮೊದಲಿನಿಂದಲೂ ರೊಟ್ಟಿ ಪುಡಿಮಾಡಿ ಬೆಲ್ಲ ತುಪ್ಪ ಕಲಸಿದ ಮಲೀದಾ ನಡೆದುಬಂದಿತ್ತು. ಮಗನಿಗೇನು ಎಂಬುದನ್ನು ಅತ್ತೆ ಯೋಚಿಸಲೇ ಇಲ್ಲ, ಕಾಫಿ ಎಂದರು. ನಾನು ಕ್ಯಾನಿಗೆ ಕೈಹಾಕಿದೆ. ಅವರು ತಡೆದರು.

"ಕೊಂಡ ನೀರು ಫಾತಿಹಾಕ್ಕ ಬ್ಯಾಡ ಬೇಟಿ. ಅವ ಮುಂದ ನಿಂತು ಹಾಕ್ಸಿದ ಬೋರ್ ಅದ. ಅದರ ನೀರೇ ಹಾಕು."

"ಮಷೀನ್ ಕೆಡ್ತದ್ರಿ ಅಮ್ಮಾ."

"ಅವನ ನೀರಿಲೆ ಅವನ ಮಷೀನ್ ಹೆಂಗ ಕೆಡ್ತದ?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೇಗೆ ಕೆಡುತ್ತದೆಂದು ಬೋರ್ಡಿನ ಮೇಲೆ ಬರೆದೇ ತೋರಿಸಬಲ್ಲೆ. ಆದರೆ ಮಗನನ್ನು ಮಣ್ಣಿಗೆ ಕೊಟ್ಟು ಬಂದ ತಾಯಿಗೆ ಸುಣ್ಣದ ಪಾಠ ಹೇಳುವಷ್ಟು ಗಟ್ಟಿ ಎದೆ ನನ್ನದಲ್ಲ. ಬೋರಿನ ನೀರನ್ನೇ ಸುರಿದೆ.

ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಗುರುವಾರ ಮಷೀನು ಉಸಿರೆಳೆಯಿತು.

ಇದನ್ನು ಬೇರೆ ಹೇಗೆ ಹೇಳಲಿ? ಅದೇ ಗೊರಗೊರ, ಅದೇ ನಿಲುಗಡೆ, ಅದೇ ಉದ್ದನೆಯ ಉಸಿರು. ನನ್ನ ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಪಡಸಾಲೆಯಲ್ಲಿದ್ದ ಅತ್ತೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು, ಕಿವಿಗೊಟ್ಟರು. ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿತು.

"ಬಂದ," ಎಂದರು.

ಅಂದಿನಿಂದ ಪ್ರತಿ ಗುರುವಾರ ಅವರು ಮಷೀನಿನ ಎದುರು ಸ್ಟೂಲು ಹಾಕಿಕೊಂಡು ಕೂಡತೊಡಗಿದರು. ನಾನು ಸ್ವಿಚ್ ಒತ್ತಿ, ಬಟ್ಟೆ ತರುವ ನೆವ ಮಾಡಿ ಮಾಳಿಗೆ ಏರುತ್ತಿದ್ದೆ. ಸದ್ದು ಅಲ್ಲಿಗೂ ಬರುತ್ತಿತ್ತು. ಅಫಜಲಪುರಕ್ಕೆ ತರಬೇತಿಗೆಂದು ಹೋದಾಗ ಕೈ ತೊಳೆಯುವ ನಲ್ಲಿಯೊಂದು ಗಾಳಿ ಎಳೆದು ಗೊರಗುಟ್ಟಿತು. ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಹೊರಗೆ ಬಂದು ಬಿಸಿಲಲ್ಲಿ ನಿಂತೆ. ನಾನು ದೆವ್ವ ಭೂತ ನಂಬುವವಳಲ್ಲ. ಹಾಗೆ ನೋಡಿದರೆ ನಂಬದವರಿಗೇ ಕಾಟ ಜಾಸ್ತಿ. ನಂಬುವವರು ತಾಯಿತ ಕಟ್ಟಿಸಿಕೊಂಡು ಪಾರಾಗುತ್ತಾರೆ, ನನಗೆ ಆ ದಾರಿಯೂ ಇರಲಿಲ್ಲ.

ಫಾತಿಹಾಕ್ಕಿಟ್ಟ ಕಾಫಿಯನ್ನು ಚೆಲ್ಲುವಂತಿಲ್ಲ. ಅತ್ತೆಗೆ ಕಾಫಿ ಸೇರದು, ಹಾಗಾಗಿ ಕುಡಿಯುವ ಪಾಳಿ ನನ್ನದು. ಕೊನೆಯ ಗುಟುಕಿನಲ್ಲಿ ಬಿಳಿ ಪುಡಿ ಬಂದು ನಾಲಿಗೆಗೆ ಹತ್ತುತ್ತಿತ್ತು. ಅದು ಬರೀ ಸುಣ್ಣ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ನುಂಗುತ್ತಿದ್ದೆ.

"ಅಮ್ಮಾ, ಅದನ್ನ ತೊಳೀತೇನ್ರಿ. ನಿಂಬೆ ಉಪ್ಪು ಹಾಕಿದ್ರ ಸುಣ್ಣ ಎಲ್ಲಾ ಬಿಡ್ತದ," ಎಂದೆ ಒಂದು ದಿನ.

"ಕೈ ಹಚ್ಚಬ್ಯಾಡ. ತೊಳದ್ರ ಅವ ಬರಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆ ಉಬ್ಬಸದಲ್ಲಿ ಮಗ ಪಟ್ಟ ಪಾಡನ್ನು ಈಕೆ ಮರೆತಳೇ, ಅದನ್ನು ವಾರವಾರ ಕೂತು ಕೇಳುವುದಕ್ಕೆ ತಾಯಿಗೆ ಮನಸ್ಸಾದರೂ ಹೇಗೆ ಬರುತ್ತದೆ ಅನ್ನಿಸಿತು.

ಮುಂದಿನ ಗುರುವಾರ ಮಷೀನು ಅರ್ಧಕ್ಕೇ ನಿಂತಿತು. ಜಗ್ಗಿನ ತಳದಲ್ಲಿ ಒಂದು ಗುಟುಕಿನಷ್ಟು ಕಾಫಿ, ತೊಟ್ಟಿಯಲ್ಲಿ ನೀರು ಹಾಗೆಯೇ. ಅತ್ತೆ ಸ್ವಿಚ್ ಆರಿಸಿದರು, ಹಾಕಿದರು, ಮತ್ತೆ ಆರಿಸಿ ಹಾಕಿದರು. ಮಷೀನಿನ ಬೆನ್ನು ತಟ್ಟಿದರು. ಸುಟ್ಟ ವಾಸನೆ ಬಂದಾಗ ನಾನು ಪ್ಲಗ್ ಕಿತ್ತೆ.

"ಹಿಂಗ ಬಿಟ್ರ ಪೂರಾ ಸುಟ್ಟು ಹೋಗ್ತದ್ರಿ. ಆಮ್ಯಾಲ ಕಾಫಿನೂ ಇಲ್ಲ, ಸದ್ದೂ ಇಲ್ಲ."

ಅವರು ಕಿತ್ತ ಪ್ಲಗ್ಗಿನ ವಯರನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ, "ತೊಳಿ. ಖರೇ ನಾ ಇಲ್ಲೇ ಕೂಡ್ತೇನಿ," ಎಂದರು.

ಭಾನುವಾರ ಬೆಳಿಗ್ಗೆ ಕ್ಯಾನಿನ ನೀರಿನಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಕರಗಿಸಿ ತೊಟ್ಟಿಗೆ ಸುರಿದೆ. ಪುಡಿಯ ಬುಟ್ಟಿ ಖಾಲಿ ಬಿಟ್ಟು ಸ್ವಿಚ್ ಹಾಕಿದೆ. ಮೊದಲು ಏನೂ ಇಲ್ಲ. ಆಮೇಲೆ ಶುರುವಾಯಿತು ನೋಡಿ, ಅಲ್ಲಿಯವರೆಗೆ ಕೇಳಿದ್ದೆಲ್ಲ ಏನೇನೂ ಅಲ್ಲ ಅನ್ನಿಸುವ ಹಾಗೆ. ಮಷೀನು ಅಲುಗಾಡಿತು, ಕೆಮ್ಮಿತು, ಹುಳಿ ಹಬೆ ಉಗುಳಿತು. ಒಡೆದ ಹಾಲಿನಂಥ ಬಿಳಿ ಚೂರುಗಳು ಜಗ್ಗಿಗೆ ಬಿದ್ದವು. ನನ್ನ ಗಂಡನ ಕೊನೆಯ ದಿನ ಮುಂಜಾನೆ ಹೀಗೆಯೇ ಇತ್ತು. ನಾನು ಕಟ್ಟೆ ಹಿಡಿದು ನಿಂತೆ. ಅತ್ತೆ ಎದ್ದು ಬಂದು ಮಷೀನಿನ ನೆತ್ತಿಯ ಮೇಲೆ ಅಂಗೈ ಇಟ್ಟರು. ಅಂದು ಮಗನ ಎದೆಯ ಮೇಲೆ ಇಟ್ಟದ್ದೂ ಹೀಗೆಯೇ.

ಅರ್ಧ ಇಳಿದ ಮೇಲೆ ಆರಿಸಿ, ಹುಳಿ ಒಳಗೆ ಕೆಲಸ ಮಾಡಲೆಂದು ಬಿಟ್ಟೆ. ಅತ್ತೆ ಕೈ ತೆಗೆಯಲಿಲ್ಲ. ಉಳಿದರ್ಧ ಇಳಿಸುವಾಗ ಗೊರಗೊರ ಕಡಿಮೆಯಾಯಿತು. ಬರೀ ನೀರು ಹಾಕಿ ಇಳಿಸಿದೆ, ಹುಳಿ ವಾಸನೆ ಹೋಗುವವರೆಗೆ ಮತ್ತೆ ಮತ್ತೆ ಇಳಿಸಿದೆ. ಕೊನೆಯ ಸಲದ ನೀರು ಯಾವ ಸದ್ದೂ ಇಲ್ಲದೆ ಜಗ್ಗಿಗೆ ಬಂತು. ಆಗ ಅವರು ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಗುರುವಾರ ಅತ್ತೆ ತಾವೇ ಕ್ಯಾನಿನ ನೀರು ಬಗ್ಗಿಸಿ ಕೊಟ್ಟರು. ಕಾಫಿ ಮೌನವಾಗಿ ಇಳಿಯಿತು. ನಾನು ಮಾಳಿಗೆ ಏರದೆ ಅಲ್ಲಿಯೇ ನಿಂತಿದ್ದೆ. ಎಷ್ಟು ನೆಮ್ಮದಿ ಎಂದುಕೊಳ್ಳುವಷ್ಟರಲ್ಲಿ ಅವರು ಕೇಳಿದರು.

"ನಿನಗ ಅದು ಉಬ್ಬಸ ಅನ್ನಸ್ತಿತ್ತು, ಹೌದಿಲ್ಲೋ?"

"ಹೌದ್ರಿ ಅಮ್ಮಾ."

"ನನಗೂ ಅದೇ ಅನ್ನಸ್ತಿತ್ತು ಬೇಟಿ."

"ಮತ್ತ 'ಬಂದ' ಅಂತಿದ್ರಲ್ಲ?"

"ಉಬ್ಬಸ ಇದ್ರೇನಾತು, ಉಸುರು ಇತ್ತಲ್ಲ."

ಅವರು ಲೋಬಾನ ಹಾಕಿ, ಕಾಫಿಯ ಮುಂದೆ ಕೂತು ಫಾತಿಹಾ ಓದಿದರು. ಓದಿದ ಮೇಲೆ ತೀರಿಹೋದವರ ಹೆಸರು ಹಿಡಿದು, ಇದರ ಪುಣ್ಯ ಅವರ ರೂಹಿಗೆ, ಆತ್ಮಕ್ಕೆ, ಮುಟ್ಟಲಿ ಎಂದು ಬೇಡಿಕೊಳ್ಳಬೇಕು. ಮಾವನವರ ಹೆಸರು, ಅವರ ತಾಯಿತಂದೆಯ ಹೆಸರು, ಆಳಂದದ ಕಡೆ ಮಣ್ಣಾದ ತಮ್ಮ ತಂಗಿಯ ಹೆಸರು, ಎಲ್ಲವನ್ನೂ ಅತ್ತೆ ಪ್ರತಿ ವಾರ ಹೇಳುತ್ತಿದ್ದರು. ಮಗನ ಹೆಸರನ್ನು ಒಮ್ಮೆಯೂ ಆ ಸಾಲಿನಲ್ಲಿ ಹೇಳಿರಲಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಂದು ತಂಗಿಯ ಹೆಸರಾದ ಮೇಲೆ ಸ್ವಲ್ಪ ತಡೆದು, ಮಗನ ಹೆಸರು ಹೇಳಿದರು.

ನಾನು ಎದ್ದು ಅಡುಗೆಮನೆಗೆ ಓಡಿದೆ. ತೊಟ್ಟಿಯಲ್ಲಿ ಒಂದಿಷ್ಟು ನೀರು ಉಳಿದಿತ್ತು. ಸ್ವಿಚ್ ಒತ್ತಿ ಮಷೀನಿಗೆ ಕಿವಿ ಹಚ್ಚಿ ನಿಂತೆ. ನೀರು ಕಾದು, ಸುಮ್ಮನೆ ಇಳಿದು ಹೋಯಿತು.