ಕವರ್ ಬಿಚ್ಚದ ಮ್ಯಾಟ್

ದೊಡ್ಡಬಳ್ಳಾಪುರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಹುದ್ದೆಯ ಹೆಸರು ದೊಡ್ಡದು, ಮಕ್ಕಳ ಬಾಯಲ್ಲಿ ಬರೀ ಪಿ.ಟಿ. ಸಾರ್. ಕಾಲ ಬದಲಾಗಿದೆ, ವಿಶ್ವವಿದ್ಯಾಲಯದ ಕಬಡ್ಡಿ ಮಣ್ಣು ಬಿಟ್ಟು ಮ್ಯಾಟ್ ಹತ್ತಿದೆ, ಅಭ್ಯಾಸವೂ ಮ್ಯಾಟಿನ ಮೇಲೇ ಆಗಬೇಕು ಎಂದು ಸಭೆಗಳಲ್ಲಿ ಭಾಷಣ ಬಿಗಿಯುವವನೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹೋದ ವರ್ಷ ನಮ್ಮ ಕಾಲೇಜಿಗೂ ಮ್ಯಾಟ್ ಬಂತು. ಒಂದಕ್ಕೊಂದು ಕಚ್ಚಿಸಿ ಹಾಸುವ ಚೌಕಗಳು. ನಾನು ಬಿಚ್ಚಲಿಲ್ಲ. ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅಷ್ಟರೊಳಗೆ ಧೂಳು ಕೂತರೆ, ಅಂಚು ಕಿತ್ತುಬಂದರೆ? ನೆಂಟರು ಬಂದಾಗ ಮಾತ್ರ ತೆಗೆಯುವ ಲೋಟಗಳ ಹಾಗೆ, ಪ್ಲಾಸ್ಟಿಕ್ ಕವರಿನ ಸಮೇತ ಸ್ಟೋರ್ ರೂಮಿನಲ್ಲಿ ಜೋಡಿಸಿ ಬೀಗ ಹಾಕಿದೆ. ಎತ್ತಿಡಲು ಕೈಹಚ್ಚಿದ್ದ ಅಟೆಂಡರ್ ಒಬ್ಬರನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಕಬಡ್ಡಿ ತಂಡದ ಹುಡುಗಿಯರು ಕೇಳುತ್ತಾರಲ್ಲ!

ನಮ್ಮ ತಂಡದ ಒಳ್ಳೆಯ ರೈಡರ್ ದೊಡ್ಡಬೆಳವಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದ, ಕೊನೆಯ ವರ್ಷದ ಬಿ.ಕಾಂ. ಹುಡುಗಿ. ಅಂತರ ಕಾಲೇಜು ಪಂದ್ಯಕ್ಕೆ ಹತ್ತು ದಿನ ಇರುವಾಗ ಬಂದು ನಿಂತಳು.

"ಸಾರ್, ಈ ಸಲ ಯೂನಿವರ್ಸಿಟಿ ಟೀಮ್‌ಗೆ ಸೆಲೆಕ್ಟ್ ಆಗ್ಲೇಬೇಕು. ಇಲ್ದಿದ್ರೆ ಮನೇಲಿ ಆಟ ಸಾಕು ಅಂತಾರೆ. ಒಂದ್ಸಲನಾದ್ರೂ ಮ್ಯಾಟ್ ಮೇಲೆ ಪ್ರಾಕ್ಟೀಸ್ ಸಿಕ್ಕಿದ್ರೆ..."

"ನಾನೆಲ್ಲಿಂದ ತರ್ಲಮ್ಮಾ? ಮಣ್ಣಲ್ಲೇ ಆಡು, ಕಾಲು ಗಟ್ಟಿಯಾಗುತ್ತೆ" ಎಂದೆ. ಸ್ಟೋರ್ ರೂಮಿನ ಕೀಲಿ ಆಗಲೂ ನನ್ನ ಜೇಬಿನಲ್ಲೇ ಇತ್ತು.

ಮೊದಲ ಪಂದ್ಯದ ಎರಡನೇ ರೈಡಿನಲ್ಲಿ ಅವಳು ಎಂದಿನಂತೆ ಗಕ್ಕನೆ ತಿರುಗಿದಳು. ಮಣ್ಣಾಗಿದ್ದರೆ ಪಾದ ಒಂದಿಷ್ಟು ಜಾರುತ್ತಿತ್ತು. ಮ್ಯಾಟ್ ಶೂವನ್ನು ಹಿಡಿದುಕೊಂಡಿತು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಅವಳನ್ನು ಎತ್ತಿಕೊಂಡು ಹೋಗಿದ್ದು ನಾನೇ. ಲಿಗಮೆಂಟ್ ಹರಿದಿದೆ, ಕಬಡ್ಡಿ ಮರೆತುಬಿಡಿ ಎಂದರು ಡಾಕ್ಟರು.

ಸಮಿತಿ ಬರುವ ದಿನ ಬೆಳಿಗ್ಗೆ ಕವರ್ ಬಿಚ್ಚಿ ಕಾಲೇಜಿನ ಹಾಲಿನಲ್ಲಿ ಮ್ಯಾಟ್ ಹಾಸಿಸಿದೆ. ನೀಲಿ, ಹಳದಿ, ಕಣ್ಣು ಕುಕ್ಕುವಷ್ಟು ಹೊಸದು. ಅದೇ ಹೊತ್ತಿಗೆ ಅಂಕಪಟ್ಟಿ ಒಯ್ಯಲೆಂದು ಅವಳು ಕುಂಟುತ್ತಾ ಬಂದಳು.

"ಅಯ್ಯೋ ಸಾರ್, ಮ್ಯಾಟು! ಯಾವಾಗ್ ಬಂತು?"

ಪಕ್ಕದಲ್ಲಿದ್ದ ಅಟೆಂಡರ್ ನೆಲ ನೋಡಿದರು.

"ಮೊನ್ನೆ ಬಂತಮ್ಮ" ಎಂದೆ.

ಅವಳು ಅಂಚಿನಲ್ಲಿ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಒಂದು ಹೆಜ್ಜೆ ಒಳಗಿಟ್ಟಳು. ನಾನು ಶೂ ಹಾಕಿಕೊಂಡೇ ಅದರ ಮೇಲೆ ನಿಂತಿದ್ದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಬಗ್ಗಿ ಮ್ಯಾಟಿನ ಒಂದು ಅಂಚು ಸರಿಮಾಡಿದೆ.

"ಹೋಗ್ಲಿ ಬಿಡಿ ಸಾರ್, ನಮ್ ಜೂನಿಯರ್ಸ್‌ಗಾದ್ರೂ ಸಿಕ್ತಲ್ಲ. ಪಾಪ, ನೀವು ಎಷ್ಟು ಓಡಾಡಿ ತರಿಸಿದ್ರೋ. ಥ್ಯಾಂಕ್ಸ್ ಸಾರ್."

"ಇರ್ಲಿ ಬಿಡಮ್ಮ" ಎಂದೆ. ಆ ಥ್ಯಾಂಕ್ಸನ್ನೂ ತೆಗೆದುಕೊಂಡೆ.