ಬಚ್ಚಲ ಪಾಚಿ, ಹಬ್ಬದ ಹರಳೆಣ್ಣೆ

ತೆಂಗಿನ ಮಟ್ಟೆ ಸುಟ್ಟ ವಾಸನೆ ಎಲ್ಲಿ ಬಂದರೂ ತುರುವೇಕೆರೆ ಕಡೆಯ ನಮ್ಮ ತೋಟದ ಮನೆಯ ಅಡಿಗೆಕೋಣೆ ಕಣ್ಣೆದುರು ಬರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ದೊಡ್ಡ ಚಿಂತೆ ಎಂದರೆ ನನ್ನವಳ ಕಣ್ಣು. ಒಲೆಗೆ ಮಟ್ಟೆಯೇ ಸೌದೆ. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಲಾರದೆ ಗೋಬರ್ ಗ್ಯಾಸ್ ಹಾಕಿಸಿದೆ. ಇದ್ದದ್ದು ಎರಡೇ ಹಸು. ಸಾರು ಕುದಿಯುವವರೆಗೆ ಉರಿದ ಗ್ಯಾಸು, ಮುದ್ದೆಗೆ ಎಸರಿಟ್ಟ ಹೊತ್ತಿಗೆ ಸರಿಯಾಗಿ ಆರುತ್ತಿತ್ತು. ಅವಳು ಎಸರಿನ ಪಾತ್ರೆ ಎತ್ತಿಕೊಂಡು ಮಟ್ಟೆ ಒಲೆಗೆ ಮರಳುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಸಗಣಿಯ ಜೊತೆ ಪಾಚಿ ಕೊಳೆಸಿದರೂ ಗ್ಯಾಸ್ ಬರುತ್ತದೆಂದು ಒಂದು ಸಂಜೆ ರೇಡಿಯೋದಲ್ಲಿ ಯಾರೋ ಹೇಳಿದರು. ಹಿತ್ತಲ ತೆಂಗಿನ ಮರಕ್ಕೆ ಹೋಗುತ್ತಿದ್ದ ಬಚ್ಚಲ ನೀರನ್ನು ಸಿಮೆಂಟಿನ ತೊಟ್ಟಿಗೆ ತಿರುಗಿಸಿ, ಕೊಟ್ಟಿಗೆಯ ಗಂಜಲವನ್ನೂ ಬಿಟ್ಟೆ.

"ಮರದ ಬಾಯಿ ಒಣಗ್ಸಿ ಪಾಚಿ ಸಾಕ್ತಾನಂತೆ. ಇವನ್ನ ಓದ್ಸಿದ್ದೇ ತಪ್ಪಾಯ್ತು ಬುಡವ್ವ," ಎಂದು ಅವ್ವ ಸೊಸೆಗೆ ಹೇಳಿದಳು.

ನೀರು ಹಸಿರಾಯಿತು. ನನಗೆ ಹೊಸ ಚಿಂತೆಗಳು ಶುರುವಾದವು: ಬಿಸಿಲಿಗೆ ಬತ್ತೀತು, ದನ ಕುಡಿದೀತು, ಕೋಳಿ ಬಿದ್ದೀತು. ಪಾಚಿಯನ್ನು ಹಳೇ ಪಂಚೆಯಲ್ಲಿ ಸೋಸಿ ಸಗಣಿಗೆ ಕದಡಿ ಗ್ಯಾಸಿನ ಗುಂಡಿಗೆ ಬಿಡತೊಡಗಿದೆ. ಕೊನೆಗೊಂದು ಸಂಜೆ, ಮುದ್ದೆ ತಿರುವಿ ಇಳಿಸುವವರೆಗೂ ನೀಲಿ ಉರಿ ನಿಂತಿತು. ನನ್ನವಳು ಒಣಗಣ್ಣಲ್ಲಿ ನನ್ನತ್ತ ನೋಡಿ ನಕ್ಕಳು. ಅದು ಪಾಚಿಯ ಮಹಿಮೆಯೋ, ಹಸುಗಳು ಅವತ್ತು ಚೆನ್ನಾಗಿ ಮೇದಿದ್ದವೋ ಎಂಬ ಅನುಮಾನ ಮಾತ್ರ ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲಿ ಯುಗಾದಿ ಬಂತು. ಮನೆಮಂದಿ, ಬಂದ ನೆಂಟರು, ಎಲ್ಲರೂ ಮೈತುಂಬ ಹರಳೆಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಹಂಡೆಗಟ್ಟಲೆ ನೀರು ಹುಯ್ದುಕೊಂಡೆವು. ಎಲ್ಲದಕ್ಕೂ ಚಿಂತಿಸುವ ನನಗೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದೊಂದೇ ಹೊಳೆಯಲಿಲ್ಲ. ಹೋಳಿಗೆ ಉಂಡು, ಮಲಗಿ ಎದ್ದು ನೋಡಿದರೆ ತೊಟ್ಟಿಯ ಮೇಲೆ ಎಣ್ಣೆ ಮಿನುಗುತ್ತಿತ್ತು. ಕೆಲವೇ ದಿನಕ್ಕೆ ಹಸಿರೆಲ್ಲ ಕಂದಿ ನಾತ ಹೊಡೆಯಿತು.

"ಪಾಚಿಯಿಂದ ಉರುವಲು ತೆಗೀತೀನಿ ಅಂದ್ರಿ. ನಾವೇ ಅದ್ಕೆ ಎಣ್ಣೆ ಹಾಕ್ಬುಟ್ವಲ್ರೀ," ಎಂದಳು ನನ್ನವಳು.

ಅವ್ವ ಆಗಲೇ ಗುದ್ದಲಿ ತಂದು ನೀರನ್ನು ಮರದ ಕಡೆ ತಿರುಗಿಸಿದ್ದಳು. "ಮರಾನೂ ಹಬ್ಬ ಮಾಡ್ಲಿ ಬುಡ್ಲಾ."

ಆ ಸಂಜೆ ಎಸರಿಟ್ಟಾಗ ಗ್ಯಾಸು ಮತ್ತೆ ಆರಿತು. ಅವಳು ಏಳುವ ಮೊದಲೇ ನಾನು ಊದುಗೊಳವೆ ಹಿಡಿದು ಮಟ್ಟೆ ಒಲೆಯ ಮುಂದೆ ಕುಳಿತೆ. ಅಂದಿನಿಂದ ಆ ಕೆಲಸ ನನ್ನದೇ ಆಯಿತು. ಊದಿದಷ್ಟೂ ಹೊಗೆ, ಕಣ್ಣಿಂದ ಮೂಗಿಂದ ನೀರು.

"ಮುಖ ಆ ಕಡೆ ಇಟ್ಕೊಳ್ರೀ," ಎಂದಳು ಅವಳು. "ಎಸರಿಗೆ ಉಪ್ಪು ಹಾಕಾಗೈತೆ."