ಟೈಲರಕ್ಕನ ಮೊಣಕೈ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಕರಿಯ ಗಂಟಿತ್ತು. ವರ್ಷಾನುಗಟ್ಟಲೆ ಕತ್ತರಿ ಹಿಡಿದು ಎದ್ದ ಗಂಟು. ನಾನು ಅವರ ಮುಖಕ್ಕಿಂತ ಮೊದಲು ನೋಡಿದ್ದು ಆ ಕೈಯನ್ನು. ಟೇಬಲ್ ಟೆನ್ನಿಸ್ ಮೇಜಿನ ಆಚೆ ಬದಿಯಲ್ಲಿ ಅದು ಚಿಟಿಕೆ ಹೊಡೆದಂತೆ ಒಮ್ಮೆ ತಿರುಗುತ್ತಿತ್ತು, ಅಷ್ಟೇ. ಚೆಂಡು ನನ್ನನ್ನು ದಾಟಿ ಹಿಂದಿನ ಗೋಡೆಗೆ ಬಡಿದಾಗಿರುತ್ತಿತ್ತು.

ನಾನು ಸಾಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಹುಟ್ಟಿದೂರು ತೀರ್ಥಹಳ್ಳಿ. ಹೈಸ್ಕೂಲಿನಿಂದಲೂ ಟೆನ್ನಿಸ್ ಆಡಿಕೊಂಡು ಬಂದಿದ್ದೇನೆ. ನಮ್ಮ ಕಡೆ ಮಣ್ಣಿನ ಅಂಕಣವನ್ನು ಜೂನಿನಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ದೀಪಾವಳಿಯ ಹೊತ್ತಿಗೆ. ಅಷ್ಟು ತಿಂಗಳು ಸುಮ್ಮನೆ ಕೂರಲಾರದೆ ಒಂದು ಮಳೆಗಾಲದಲ್ಲಿ ಪೇಟೆಯ ಮಹಿಳಾ ಮಂಡಳಿಯ ಹಾಲಿಗೆ ಹೋದೆ. ಅಲ್ಲಿ ಹಳೆಯದೊಂದು ಟೇಬಲ್ ಟೆನ್ನಿಸ್ ಮೇಜಿತ್ತು. ಅದೇ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಅವರು ಸಂಜೆ ಅರ್ಧ ಗಂಟೆ ಬಾಗಿಲು ಎಳೆದುಕೊಂಡು ಆಡಲು ಬರುತ್ತಿದ್ದರು. ಎಲ್ಲರೂ ಅವರನ್ನು ಟೈಲರಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೇಡಂ ಎಂದರು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರು. ಆ ಮೇಡಂ ಬೇಡ ಎಂದು ಹೇಳಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಅವರ ಅಪ್ಪ ಲಿಂಗನಮಕ್ಕಿ ಅಣೆಕಟ್ಟಿನ ಬಳಿಯ ಕಾಲೊನಿಯಲ್ಲಿ ಕ್ಲಬ್ಬು ಗುಡಿಸಿ ಒರೆಸುವ ಕೆಲಸದಲ್ಲಿದ್ದರಂತೆ. ಇಂಜಿನಿಯರುಗಳು ಬರುವ ಮುಂಚೆ ಮೇಜಿನ ಅರ್ಧ ಭಾಗವನ್ನು ಗೋಡೆಯಂತೆ ಎತ್ತಿ ನಿಲ್ಲಿಸಿ, ಅದಕ್ಕೆ ಚೆಂಡು ಹೊಡೆದು ಹೊಡೆದು ಈ ಹುಡುಗಿ ಆಟ ಕಲಿತಿದ್ದಳು. ಹಲಗೆಗೆ ಬಡಿದ ಚೆಂಡು ಯೋಚಿಸಲು ಬಿಡದೆ ತಿರುಗಿ ಬರುತ್ತದೆ. ಹಾಗಾಗಿ ಅವರ ಹೊಡೆತಕ್ಕೆ ಹಿಂದೆ ಎಳೆಯುವುದೇ ಇರಲಿಲ್ಲ, ಎಲ್ಲವೂ ಮಣಿಕಟ್ಟಿನಲ್ಲಿ. ನಾನು ತೋಳು ಬೀಸಿ ಹೊಡೆದು ಚೆಂಡನ್ನು ಕಿಟಕಿಯಾಚೆ ಕಳಿಸಿದಾಗ ಅವರು ನಗುತ್ತಿದ್ದರು.

“ಅಷ್ಟು ದೂರದಿಂದ ಎಂತಕ್ಕೆ ತರ್ತೀರಿ ಮೇಡಂ? ಬಟ್ಟೆ ಎಳೆದ್ರೆ ಹೊಲಿಗೆ ಸೊಟ್ಟ ಆಗ್ತದೆ. ಚೆಂಡು ಅದಾಗೇ ಬರ್ಲಿ, ನೀವು ಕೈ ಕೊಡಿ ಸಾಕು.”

ಆ ವರ್ಷ ಅಂಕಣ ತೆರೆದಾಗ ನಾನೇ ಅವರನ್ನು ಕರೆದೆ. ಪ್ರತಿ ಜನವರಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಊರಿನ ಹೆಂಗಸರಿಗೆ ಡಬಲ್ಸ್ ಪಂದ್ಯ ನಡೆಯುತ್ತದೆ. ಆ ಸಲ ತೀರ್ಥಹಳ್ಳಿಯಲ್ಲಿತ್ತು. ನನ್ನ ಜೊತೆಗಾರ್ತಿ ವರ್ಗವಾಗಿ ಹೋಗಿದ್ದಳು. ಮೂರು ವರ್ಷದಿಂದ ನಾನು ತೀರ್ಥಹಳ್ಳಿಯವರಿಗೆ ಸೋಲುತ್ತಿದ್ದೆ. ಆ ತಂಡದ ನಾಯಕಿ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ಹಿಂದಿನ ವರ್ಷ ಗೆದ್ದ ಮೇಲೆ, “ಸಾಗರದ ನೀರು ಕುಡ್ದು ಆಟ ಮರ್ತೆ ಅಲ್ವೇನೇ” ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದ್ದಳು. ಆ ಮಾತನ್ನು ನಾನು ಒಂದು ವರ್ಷ ಹೊತ್ತುಕೊಂಡು ತಿರುಗಿದ್ದೆ.

ಟೈಲರಕ್ಕ ಟೆನ್ನಿಸ್ ರಾಕೆಟ್ಟನ್ನೂ ಸಣ್ಣ ಬ್ಯಾಟಿನಂತೆಯೇ ಹಿಡಿದರು. ಪಕ್ಕಕ್ಕೆ ತಿರುಗದೆ ನೆಟ್ಟಿಗೆ ಎದೆ ಕೊಟ್ಟು ನಿಂತರು. ಹಿಂದಿನ ಗೆರೆಯಿಂದ ಹೊಡೆದರೆ ಚೆಂಡು ಒಂದೋ ನೆಟ್ಟಿಗೆ, ಇಲ್ಲವೇ ಬೇಲಿಯಾಚೆ. ಆದರೆ ನೆಟ್ಟಿನ ಹತ್ತಿರ ನಿಲ್ಲಿಸಿದರೆ ಅವರನ್ನು ದಾಟಿ ಒಂದು ಚೆಂಡೂ ಹೋಗುತ್ತಿರಲಿಲ್ಲ. ಕತ್ತರಿಸಿ ಮಾಡಿದ ಸರ್ವಿಸು ನೆಲಕ್ಕೆ ಬಿದ್ದು ಅಡ್ಡಕ್ಕೆ ಹಾರುತ್ತಿತ್ತು. ಬ್ಯಾಕ್‌ಹ್ಯಾಂಡಿನಲ್ಲಿ ಮೊಣಕೈಯನ್ನು ಮುಂದೆ ಚಾಚಿ ಮಣಿಕಟ್ಟನ್ನು ಝಾಡಿಸಿದರೆ ಚೆಂಡು ಯಾವ ಕಡೆ ಹೋಗುತ್ತದೆಂದು ಪಕ್ಕದಲ್ಲಿದ್ದ ನನಗೂ ತಿಳಿಯುತ್ತಿರಲಿಲ್ಲ.

ತಾಳಗುಪ್ಪ ರೈಲಿನಲ್ಲಿ ಶಿವಮೊಗ್ಗದಿಂದ ಭಾನುವಾರಗಳಂದು ಒಬ್ಬ ವಯಸ್ಸಾದ ಕೋಚ್ ನಮ್ಮ ಅಂಕಣಕ್ಕೆ ಬರುತ್ತಿದ್ದರು. ಡಿಸೆಂಬರಿನ ಒಂದು ಭಾನುವಾರ ಟೈಲರಕ್ಕನ ಆಟವನ್ನು ಅರ್ಧ ಗಂಟೆ ನೋಡಿ, ನನ್ನನ್ನು ಗೇಟಿನ ಹತ್ತಿರ ಕರೆದರು.

“ಒಳ್ಳೇ ಕೈ. ಆದ್ರೆ ಮೇಜಿನ ಮೇಲೆ ಬೆಳೆದ ಕೈ ಅದು. ಆ ಚೆಂಡಿಗೆ ತೂಕ ಇಲ್ಲ, ಮಣಿಕಟ್ಟು ಸಾಕು. ಇಲ್ಲಿ ಭಾರ ಪೂರ್ತಿ ಮೊಣಕೈ ಮೇಲೆ ಬೀಳ್ತದೆ. ಭುಜದಿಂದ ಹೊಡೆಯೋದು ಕಲಿಸಿ. ಈ ಸಲ ಮ್ಯಾಚ್ ಆಡಿಸ್ಬೇಡಿ.” ಮತ್ತೊಂದು ಮಾತನ್ನೂ ಸೇರಿಸಿದರು: “ಹೊಟ್ಟೆಪಾಡಿನ ಕೈ, ನೆನಪಿರ್ಲಿ.”

“ಹೇಳ್ತೀನಿ ಸರ್” ಎಂದೆ.

ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ರಾತ್ರಿ ಪಾತ್ರೆ ತೊಳೆಯುತ್ತ ಕೂಡಿಸಿ ಕಳೆದು ನೋಡಿದ್ದೆ. ಭುಜದಿಂದ ಹೊಡೆಯಲು ಕಲಿಸಿದರೆ ಅವರು ಎಲ್ಲರಂತೆ ಒಬ್ಬ ಹೊಸಬರಾಗುತ್ತಾರೆ. ನನಗೆ ಬೇಕಾಗಿದ್ದದ್ದು ಆ ತಪ್ಪು ಹೊಡೆತವೇ.

ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಹೊಸನಗರದ ಜೋಡಿಯನ್ನು ಸೋಲಿಸಿದೆವು. ಬಿಡುವಿನಲ್ಲಿ ಚಹಾ ಬಂತು. ಟೈಲರಕ್ಕ ಲೋಟಕ್ಕೆ ಬಲಗೈ ಚಾಚಿ, ಹಿಂದೆಳೆದುಕೊಂಡು, ಎಡಗೈಯಿಂದ ಎತ್ತಿದರು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

“ನೋವಾ?”

“ಮೊಣಕೈ ಹತ್ರ ಸೆಳೀತದೆ. ಎಂತ ಮಾಡೋದು ಮೇಡಂ?”

ಅವರು ಕೇಳಿದ್ದು ನನ್ನನ್ನು. ನಾನು ಬ್ಯಾಗಿನಿಂದ ನೋವಿನ ಮಾತ್ರೆ ತೆಗೆದು ಕೊಟ್ಟೆ. “ಇನ್ನು ಒಂದೇ ಮ್ಯಾಚು. ಆಮೇಲೆ ಎಷ್ಟು ಬೇಕಾದ್ರೂ ರೆಸ್ಟ್ ತಗೊಳ್ಳಿ.”

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಚಹಾದ ಜೊತೆಗೆ ಮಾತ್ರೆ ನುಂಗಿದರು.

ಫೈನಲಿನಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅವರು ಬಲ ಬದಿಯಲ್ಲಿ, ನಾನು ಎಡ ಬದಿಯಲ್ಲಿ. ಇಬ್ಬರ ನಡುವೆ ಬರುವ ಚೆಂಡು ನನಗೆ ಫೋರ್‌ಹ್ಯಾಂಡು, ಅವರಿಗೆ ಬ್ಯಾಕ್‌ಹ್ಯಾಂಡು. ನ್ಯಾಯವಾಗಿ ಅದು ನಾನು ಆಡಬೇಕಾದ ಚೆಂಡು. ನಾನು ಪ್ರತಿ ಸಲ “ನಿಮ್ದು” ಎಂದು ಕೂಗಿ ಪಕ್ಕಕ್ಕೆ ಸರಿದೆ. ಅವರು ಪ್ರತಿ ಸಲ ಮೊಣಕೈ ಮುಂದೆ ಮಾಡಿ ಝಾಡಿಸಿದರು. ಎದುರಿಗಿದ್ದ ತೀರ್ಥಹಳ್ಳಿಯವರು ಕಂಗಾಲಾದರು. ಕೊನೆಯ ನಾಲ್ಕು ಅಂಕವೂ ಹಾಗೇ ಬಂದವು.

ಗೆದ್ದ ಮೇಲೆ ನನ್ನ ಶಾಲೆಯ ಗೆಳತಿ ಬಂದು, “ಯಾರೇ ಇವ್ರು? ಎಲ್ಲಿ ಹಿಡ್ದೆ?” ಎಂದಳು.

“ನಾನೇ ತಯಾರ್ ಮಾಡಿದ್ದು” ಎಂದೆ. ಟೈಲರಕ್ಕ ಪಕ್ಕದಲ್ಲೇ ಇದ್ದರು. ದುಪಟ್ಟಾವನ್ನು ಮೊಣಕೈಗೆ ಬಿಗಿದು ಸುತ್ತಿಕೊಂಡು, ಹೌದೆನ್ನುವಂತೆ ನಕ್ಕರು. ಆಗ ಯಾರೋ ತೆಗೆದ ಫೋಟೊ ಸಂಜೆಯೊಳಗೆ ಕ್ಲಬ್ಬಿನ ವಾಟ್ಸಾಪಿನಲ್ಲಿ ಬಂತು. ಅದರಲ್ಲಿ ಗೆದ್ದ ಕಪ್ ನನ್ನ ಕೈಯಲ್ಲಿದೆ.

ಹತ್ತು ದಿನ ಬಿಟ್ಟು ಅಂಗಡಿಗೆ ಹೋದೆ. ಡಾಕ್ಟರು ಕೈಗೆ ಪಟ್ಟಿ ಹಾಕಿದ್ದರು. “ಟೆನ್ನಿಸ್ ಎಲ್ಬೋ ಅಂತೆ ಮೇಡಂ. ಆಡಿದ್ದು ಮೂರು ತಿಂಗ್ಳು, ಹೆಸ್ರು ಮಾತ್ರ ದೊಡ್ಡ ಆಟಗಾರ್ತಿದು” ಎಂದು ಅವರೇ ತಮಾಷೆ ಮಾಡಿದರು. ಹಿಂದೆ ಮೇಜಿನ ಮೇಲೆ ಮದುವೆ ಮನೆಯ ರವಿಕೆ ಬಟ್ಟೆಗಳ ರಾಶಿ ಕತ್ತರಿಸದೆ ಬಿದ್ದಿತ್ತು. ವಿಶ್ರಾಂತಿ ಕೊಟ್ಟರೆ ವಾಸಿಯಾಗುತ್ತದೆ ಎಂದಿದ್ದರು ಡಾಕ್ಟರು. ಮದುವೆಗಳು ಸಾಲಾಗಿ ಬರುವ ಕಾಲದಲ್ಲಿ ಯಾವ ಟೈಲರು ಕೈಗೆ ವಿಶ್ರಾಂತಿ ಕೊಡುತ್ತಾಳೆ? ಸ್ವಲ್ಪ ವಾಸಿಯಾದಾಗ ಕತ್ತರಿ ಹಿಡಿದರು, ಮತ್ತೆ ನೋವು ಬಂತು, ಮತ್ತೆ ಬಿಟ್ಟರು. ಹೊಲಿದ ರವಿಕೆಗಳ ಕುತ್ತಿಗೆಯ ಸುತ್ತು ಅಂಕುಡೊಂಕಾಗತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಅವರಲ್ಲಿ ನಾನೂ ಒಬ್ಬಳು. ನನ್ನ ರವಿಕೆ ಕೆಟ್ಟಿರಲಿಲ್ಲ. ಅವರ ಮುಖ ನೋಡಲಾಗುತ್ತಿರಲಿಲ್ಲ, ಅದಕ್ಕೆ ಹೋದೆ. ಕಾಲೇಜಿನಿಂದ ಮನೆಗೆ ಬರುವಾಗ ಆ ಬೀದಿ ಬಿಟ್ಟು ಸುತ್ತಿಕೊಂಡು ಬರುವುದನ್ನು ರೂಢಿ ಮಾಡಿಕೊಂಡೆ. ಎರಡನೆಯ ವರ್ಷಕ್ಕೆ ಅಂಗಡಿ ಮುಚ್ಚಿ, ಅವರು ಬಸ್‌ಸ್ಟ್ಯಾಂಡಿನ ಹತ್ತಿರದ ರೆಡಿಮೇಡ್ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸಕ್ಕೆ ಸೇರಿದರೆಂದು ಯಾರೋ ಹೇಳಿದರು. ಟೇಬಲ್ ಟೆನ್ನಿಸ್ಸಿಗೂ ಬರುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಧೈರ್ಯ ಮಾಡಿ ಆ ರೆಡಿಮೇಡ್ ಅಂಗಡಿಗೆ ಹೋದೆ. ಅವರು ಎಡಗೈಯಿಂದ ಚೂಡಿದಾರದ ಬಟ್ಟೆ ಹರಡಿ ತೋರಿಸುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದು, ಕೋಚ್ ಹೇಳಿದ್ದನ್ನೂ ನಾನು ಮುಚ್ಚಿಟ್ಟಿದ್ದನ್ನೂ ಹೇಳಿದೆ.

ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಮೇಡಂ. ಅವತ್ತು ಸ್ಟೇಷನ್ನಿಗೆ ಹೋಗೋವಾಗ ಅಂಗಡಿಗೆ ಬಂದು ನಂಗೂ ಹೇಳಿ ಹೋದ್ರು.”

“ಮತ್ತೆ ಯಾಕೆ ಆಡಿದ್ರಿ?”

“ನೀವು ಹೇಳ್ತೀರಾ ಅಂತ ಕಾಯ್ತಿದ್ದೆ. ಹೇಳಿದ್ರೆ ಬಿಡ್ತಿದ್ದೆ. ನೀವು ಹೇಳ್ಲಿಲ್ಲ.” ಮಡಚಿದ ಬಟ್ಟೆಯನ್ನು ಅಂಗೈಯಿಂದ ಸವರಿದರು. “ನಂಗೂ ಆಡೋ ಆಸೆ ಇತ್ತು, ಇಲ್ಲ ಅಂತಲ್ಲ. ಜೊತೆಗೆ ಆಡು ಬಾ ಅಂತ ಯಾರಾದ್ರೂ ಕರ್ದಿದ್ದು ಅದೇ ಮೊದ್ಲು.”

ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಇನ್ನೊಬ್ಬ ಗಿರಾಕಿ ಬಂದಳು. ಅವರು ಅತ್ತ ತಿರುಗಿದರು.

ಕಳೆದ ಆಷಾಢದಲ್ಲಿ ಎದೆನೋವೆಂದು ಶಿವಮೊಗ್ಗಕ್ಕೆ ಕರೆದೊಯ್ಯುವಾಗ ಟೈಲರಕ್ಕ ದಾರಿಯಲ್ಲೇ ಹೋಗಿಬಿಟ್ಟರು. ವಿಷಯ ತಿಳಿದು ಮನೆಗೆ ಹೋದೆ. ಅಂಗಳದಲ್ಲಿ ಜನ ನಿಂತಿದ್ದರು. ಅವರ ಗಂಡ, ಹೊಸನಗರದ ಬಸ್ಸಿನಲ್ಲಿ ಕಂಡಕ್ಟರು, ನನ್ನನ್ನು ಕಂಡು ಎದ್ದು ಬಂದರು. ಪಕ್ಕದವರಿಗೆ ಪರಿಚಯ ಮಾಡಿಕೊಟ್ಟರು.

“ಇವ್ರೇ ಆ ಮೇಡಂ. ಇವ್ರಿಂದ್ಲೇ ಅವ್ಳು ಕಪ್ ಗೆದ್ದಿದ್ದು.” ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಕೈ ಹೋದಾಗ ನಾನು ನಿಮ್ಗೆ ಬೈದಿದ್ದೆ ಮೇಡಂ, ಸುಳ್ಳು ಹೇಳೋದಿಲ್ಲ. ಅವ್ಳು ಬಿಡ್ಲಿಲ್ಲ. ‘ಮೇಡಂ ಬೇಡ ಅಂತಾನೇ ಹೇಳಿದ್ರು, ನಾನೇ ಹಠ ಮಾಡಿ ಆಡ್ದೆ’ ಅಂದ್ಲು. ತಪ್ಪು ತಿಳ್ಕೊಂಡಿದ್ದೆ. ಮನಸ್ಸಿಗೆ ಹಚ್ಕೊಬೇಡಿ.”

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಒಂದು ಕುರ್ಚಿ ತಂದು ನನ್ನ ಹಿಂದೆ ಹಾಕಿದರು. ನಾನು ಕೂತೆ.